ಪಾಲಖಿ ಕುದುರೆಯ ಮುಂಗಾಲು

ಕುದುರೆ ಟೆಂಪೋದಿಂದ ಇಳಿಯಲು ಒಪ್ಪಲಿಲ್ಲ. ಹಿಂಬಾಗಿಲು ತೆಗೆದೆವು, ಹಲಗೆ ಇಳಿಬಿಟ್ಟೆವು, ಹಲಗೆಯ ಮೇಲೆ ಹಸಿ ಹುಲ್ಲು ಹರಡಿದೆವು. ಅದು ಮಾತ್ರ ಒಳಗಿನ ಮೂಲೆಗೆ ಒತ್ತಿಕೊಂಡು, ಬಾಲ ಕಾಲ ಸಂದಿಗೆ ಸೇರಿಸಿಕೊಂಡು ನಡುಗುತ್ತಿತ್ತು. ಹೊಟ್ಟೆಯ ಕೆಳಗಿನಿಂದ ಬೆವರು ತೊಟ್ಟಿಕ್ಕುತ್ತಿತ್ತು. ಟೆಂಪೋದವನಿಗೆ ದೌಂಡದ ಕಡೆಗೆ ಇನ್ನೊಂದು ಬಾಡಿಗೆ ಇತ್ತಂತೆ. ಅವನು ಮೊದಲು ಕುದುರೆಯನ್ನು ಬೈದ, ಆಮೇಲೆ ನನ್ನನ್ನು ಬೈದ, ಕೊನೆಗೆ ಒಂದು ಬೆತ್ತ ಹುಡುಕಿಕೊಂಡು ಬಂದ. ಬೆತ್ತ ಕಂಡ ಕೂಡಲೇ ಕುದುರೆ ಒಳಗಿನ ತಗಡಿಗೆ ಒದ್ದ ಸದ್ದು ರಸ್ತೆಯವರೆಗೂ ಕೇಳಿಸಿತು.

ಪುಣೆಯಿಂದ ಸಾಸವಡಕ್ಕೆ ಹೋಗುವ ರಸ್ತೆಯಲ್ಲಿ, ಘಾಟು ಶುರುವಾಗುವ ಮೊದಲು, ನಾನು ಕೆಲಸ ಮಾಡುತ್ತಿದ್ದ ಸವಾರಿ ಶಾಲೆ ಇತ್ತು. ಶಾಲೆ ಎಂದರೆ ತಗಡಿನ ಲಾಯ, ದುಂಡನೆಯ ಒಂದು ಬೇಲಿ, ಒಂದು ಬಾವಿ ಮತ್ತು ಬೇವಿನ ಮರ. ಭಾನುವಾರ ಮಕ್ಕಳಿಗೆ ಸವಾರಿ ಕಲಿಸುವುದಕ್ಕೆ ಸಂಬಳ ಬರುತ್ತಿತ್ತು. ವಾರದ ಉಳಿದ ದಿನಗಳಲ್ಲಿ ಹೆದರಿದ ಕುದುರೆಗಳ ಜೊತೆ ನೆಲದ ಮೇಲೆ ನಿಂತೇ ಕೆಲಸ ಮಾಡುತ್ತಿದ್ದೆ. ಬೆನ್ನ ಮೇಲೆ ಹತ್ತುವುದಿಲ್ಲ, ಓಡಿಸುವುದಿಲ್ಲ, ಹಗ್ಗ ಹಿಡಿದು ಅದರ ಪಕ್ಕ ನಡೆಯುವುದಷ್ಟೆ. ನೋಡುವವರಿಗೆ ಇದು ಕೆಲಸವೆಂದೇ ಅನ್ನಿಸುವುದಿಲ್ಲ. ನಮ್ಮ ಮನೆಯಲ್ಲೂ ಅನ್ನಿಸುತ್ತಿರಲಿಲ್ಲ. ಬಾಗಲಕೋಟೆಯಿಂದ ಬಂದು ಪುಣೆಯಲ್ಲಿ ಬಟ್ಟೆ ವ್ಯಾಪಾರಕ್ಕೆ ಇಳಿದ ಮನೆತನ ನಮ್ಮದು. ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅಪ್ಪ "ಸಾಲ್ಯಾಗ ಕಲಸ್ತಾಳ್ರೀ" ಎಂದು ಹೇಳಿ ಮಾತು ಬದಲಿಸುತ್ತಿದ್ದರು.

ಟೆಂಪೋದ ಹಿಂದೆ ಸ್ಕೂಟರಿನಲ್ಲಿ ಕುದುರೆಯ ಹೊಸ ಮಾಲೀಕರು ಬಂದಿದ್ದರು. ಬಿಬವೇವಾಡಿಯಲ್ಲಿ ಹೋಟೆಲು ನಡೆಸುವ, ಕುಂದಾಪುರದ ಕಡೆಯವರು. ಕುದುರೆಗೆ ಕಾಲು ನಾಲ್ಕು ಎಂಬುದನ್ನು ಬಿಟ್ಟರೆ ಅದರ ಬಗ್ಗೆ ಅವರಿಗೆ ಬೇರೇನೂ ತಿಳಿದಿರಲಿಲ್ಲ. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ. ಕಥೆ ಹೇಳಿದ್ದು ಆಕೆ. ಅವರ ಹೋಟೆಲಿನ ಎದುರಿನಿಂದ ಒಂದು ಮದುವೆ ಮೆರವಣಿಗೆ ಹೋಗುತ್ತಿತ್ತು. ಪಟಾಕಿ ಸಿಡಿದು ಈ ಕುದುರೆ ಬೆದರಿತು, ಮದುಮಗ ಕೆಳಗೆ ಬಿದ್ದ. ಕುದುರೆ ಹೋಟೆಲಿನ ಮೆಟ್ಟಿಲ ಬಳಿ ಬಂದು ಗೋಡೆಗೆ ಮುಖ ಮಾಡಿ ನಿಂತಿತು. ಅದನ್ನು ಮದುವೆಗಳಿಗೆ ಬಾಡಿಗೆ ಕೊಡುವವನು ಅಲ್ಲೇ, ಗಿರಾಕಿಗಳ ಎದುರಿಗೇ, ಅದರ ಮುಖಕ್ಕೆ ಹೊಡೆದ. ಆಕೆ ಗಲ್ಲಾದಿಂದ ಎದ್ದು ಬಂದು ಅವನ ಕೈ ಹಿಡಿದರು, ಅಲ್ಲೇ ದುಡ್ಡು ಕೊಟ್ಟು ಕುದುರೆಯನ್ನು ಕೊಂಡರು.

ಆಕೆ ಪ್ರತಿ ವರ್ಷ ಆಷಾಢದ ಪಾಲಖಿಯ, ಅಂದರೆ ಸಂತರ ಪಾದುಕೆ ಹೊತ್ತ ಪಲ್ಲಕ್ಕಿಯ ಜೊತೆ ಸಾಸವಡದವರೆಗೆ ನಡೆಯುವವರು. ಅವರ ಬಡಾವಣೆಯ ದಿಂಡಿ, ಅಂದರೆ ಅಭಂಗ ಹಾಡುತ್ತ ನಡೆಯುವ ಒಂದು ಸಣ್ಣ ತಂಡ, ತನ್ನದೇ ಪುಟ್ಟ ಪಾಲಖಿ ಹೊತ್ತು ಹೋಗುತ್ತಿತ್ತು. ಆ ಪಾಲಖಿಯ ಮುಂದೆ ಒಂದು ಕುದುರೆ ಇರಬೇಕೆಂದು ದಿಂಡಿಯವರ ಬಹುಕಾಲದ ಆಸೆ. ಹಾಗೆ ನಡೆಯುವ ಕುದುರೆಯ ಮೇಲೆ ಯಾರೂ ಕೂಡುವುದಿಲ್ಲ. ಖಾಲಿ ಜೀನಿನ ಮೇಲೆ ಸಂತರೇ ಕೂತಿರುತ್ತಾರೆ ಎಂದು ನಂಬಿಕೆ.

"ಎಂತ ಮಾಡುದು ಮೇಡಂ," ಎಂದರು ಮಾಲೀಕರು. "ಇವಳು ದಿಂಡಿಯವರಿಗೆ ಮಾತು ಕೊಟ್ಟಾಯ್ತು. ಆಷಾಢಕ್ಕೆ ಇದು ಪಾಲಖಿ ಮುಂದೆ ನಡೀಬೇಕು. ಆಗ್ಲಿಲ್ಲ ಅಂದ್ರೆ ಆ ಬಾಡಿಗೆಯವ ವಾಪಸ್ ತೆಗೊಳ್ತೇನೆ ಅಂದಿದ್ದಾನೆ."

"ವಾಪಸ್ ಹೋದ್ರ ಮತ್ತ ಬ್ಯಾಂಡಿನ ಮುಂದ ಕುಣಸ್ತಾನ್ರೀ," ಎಂದೆ.

"ಅದಕ್ಕೇ ಅಲ್ವಾ ನಿಮ್ಮ ಹತ್ರ ಬಂದದ್ದು ಮಾರಾಯ್ರೆ."

ಎಲ್ಲರನ್ನೂ ದೂರ ಕಳಿಸಿದೆ. ನಮ್ಮ ಸಾಯಿಸ, ಅಂದರೆ ಕುದುರೆಗಳನ್ನು ನೋಡಿಕೊಳ್ಳುವವ, ಲಾಯದ ಮುದಿ ಹೆಣ್ಣುಕುದುರೆಯನ್ನು ತಂದು ಟೆಂಪೋದ ಎದುರು ಮೇಯಲು ಬಿಟ್ಟ. ನಾನು ಟೆಂಪೋಕ್ಕೆ ಬೆನ್ನು ಮಾಡಿ ನೆರಳಲ್ಲಿ ಕೂತೆ. ಇಳಿಹೊತ್ತಿಗೆ ಹಲಗೆಯ ಮೇಲೆ ಗೊರಸಿನ ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ಬೂದಿ ಬಣ್ಣದಿಂದ ಬಿಳಿಗೆ ತಿರುಗುತ್ತಿದ್ದ, ಪಕ್ಕೆಲುಬು ಕಾಣುವ ಗಂಡು ಕುದುರೆ ನನ್ನನ್ನು ಬಳಸಿ ಹಾದು ಮುದುಕಿಯ ಪಕ್ಕ ಹೋಗಿ ನಿಂತಿತು.

ಅದರ ಬಾಯಿಯೊಳಗೆ ಹಳೆಯ ಗಾಯಗಳ ಗೆರೆಗಳಿದ್ದವು. ಮೆರವಣಿಗೆಯಲ್ಲಿ ಕುದುರೆ ಕುಣಿಯಬೇಕಲ್ಲ, ಅದಕ್ಕೆ ಕೆಲವರು ಮುಳ್ಳಿರುವ ಲಗಾಮು ಹಾಕುತ್ತಾರೆ. ಎಳೆದಾಗ ನೋವಿಗೆ ಕಾಲೆತ್ತಿ ಕುಪ್ಪಳಿಸುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಹೀಗಾಗಿ ಲಗಾಮನ್ನೇ ಬಿಟ್ಟುಬಿಟ್ಟೆ. ಬಾಯಿಗೆ ಕಬ್ಬಿಣ ತಾಗದ ಮುಖಪಟ್ಟಿ ಮತ್ತು ಉದ್ದನೆಯ ಹತ್ತಿಹಗ್ಗ, ಇಷ್ಟೇ ನನ್ನ ಸಾಮಾನು. ಮುಖಪಟ್ಟಿಯನ್ನು ತೊಡಿಸಲಿಕ್ಕೇ ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿಯುವವರೆಗೆ ಕಾಯಬೇಕಾಯಿತು.

ಕುದುರೆ ನಮ್ಮನ್ನು ಪ್ರೀತಿಸುತ್ತದೆ, ನಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತದೆ ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹೆದರಿದ ಕುದುರೆಗೆ ನಮ್ಮಿಂದ ಬೇಕಾದದ್ದು ಒಂದೇ, ನಾವು ದೂರ ಹೋಗುವುದು. ನೆಲದ ಮೇಲಿನ ಕೆಲಸವೆಲ್ಲ ನಿಂತಿರುವುದು ಇದರ ಮೇಲೆಯೇ. ದುಂಡು ಬೇಲಿಯೊಳಗೆ ನಾನು ಅದರತ್ತ ನೇರವಾಗಿ ನಡೆಯುತ್ತಿರಲಿಲ್ಲ, ಭುಜ ಓರೆ ಮಾಡಿಕೊಂಡು ನಡೆಯುತ್ತಿದ್ದೆ. ಅದು ಓಡಿದರೆ ಓಡಲಿ. ಓಡುವುದನ್ನು ಬಿಟ್ಟು ಒಂದು ಕಿವಿ ನನ್ನ ಕಡೆ ತಿರುಗಿಸಿದ ಕ್ಷಣವೇ ನಾನು ಬೆನ್ನು ತಿರುಗಿಸಿ ಹೊರಟುಬಿಡಬೇಕು. ನಿಂತರೆ ಈ ಹೆಂಗಸು ಹೋಗುತ್ತಾಳೆ ಎಂದು ಅದಕ್ಕೆ ತಿಳಿಯಬೇಕು. ಆಮೇಲೆ ಮುಟ್ಟುವುದು, ಅದೂ ಹೆಗಲ ಹತ್ತಿರ, ಹಿಂಗೈಯಿಂದ. ಮೇಲಿನಿಂದ ಕೈ ಬಂದರೆ ಅದಕ್ಕೆ ಏಟು ಎಂದೇ ಅರ್ಥ, ಹಾಗಾಗಿ ಕೈ ಕೆಳಗಿನಿಂದ ಬರಬೇಕು. ಮುಟ್ಟಿದ ಮೇಲೆ ಅದು ತಪ್ಪಿಸಿಕೊಳ್ಳದೆ ನಿಂತರೆ ಕೈ ತೆಗೆಯಬೇಕು. ಹೀಗೆ ಹೆಗಲಿನಿಂದ ಕತ್ತಿಗೆ, ಕತ್ತಿನಿಂದ ಕಿವಿಯ ಬುಡಕ್ಕೆ. ಕೆಲವು ದಿನ ಕತ್ತಿನವರೆಗೆ ಹೋದದ್ದು ಮರುದಿನ ಹೆಗಲಿಗೇ ವಾಪಸಾಗುತ್ತಿತ್ತು. ಆಗ ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದ ದಿನ ಕುದುರೆಯನ್ನು ಮುಟ್ಟದೆ ಲಾಯದ ಸಗಣಿ ಬಾಚುತ್ತಿದ್ದೆ.

ಸದ್ದಿನದು ಬೇರೆ ದಾರಿ. ಪುಣೆಯ ತುಳಶಿಬಾಗ ಪೇಟೆಯಿಂದ ಹಿತ್ತಾಳೆಯ ತಾಳ ತಂದೆ. ಸದ್ದನ್ನು ಕುದುರೆಯ ಹತ್ತಿರ ತರಲಿಲ್ಲ. ಸಾಯಿಸ ತಾಳ ಬಡಿಯುತ್ತ ಮುಂದೆ ಮುಂದೆ ಹೋಗುತ್ತಿದ್ದ, ನಾನು ಕುದುರೆಯನ್ನು ಹಿಡಿದು ಅವನ ಹಿಂದೆ ಹಿಂದೆ ನಡೆಯುತ್ತಿದ್ದೆ. ತನ್ನಿಂದ ಓಡಿಹೋಗುವ ವಸ್ತುವಿಗೆ ಯಾವ ಪ್ರಾಣಿಯೂ ಹೆದರುವುದಿಲ್ಲ, ಕುತೂಹಲದಿಂದ ಬೆನ್ನು ಹತ್ತುತ್ತದೆ. ಹೋಳಿ ಹುಣ್ಣಿಮೆ ಕಳೆಯುವಷ್ಟರಲ್ಲಿ ಅದು ತಾಳದ ಮೇಲೆ ಮೂಗಿಟ್ಟು ಮೂಸತೊಡಗಿತ್ತು. ಕೇಸರಿ ಬಾವುಟ, ಬಿಚ್ಚಿ ಮುಚ್ಚುವ ಛತ್ರಿ, ಪ್ಲಾಸ್ಟಿಕ್ ಹೊದಿಕೆ, ಮಳೆಯಂಗಿ ತೊಟ್ಟ ಜನ, ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತ ಹೆಂಗಸು, ಹೀಗೆ ಪಾಲಖಿಯ ದಾರಿಯಲ್ಲಿ ಎದುರಾಗಬಹುದಾದ ಎಲ್ಲವನ್ನೂ ನೆನಪು ಮಾಡಿಕೊಂಡು ಒಂದೊಂದಾಗಿ ತೋರಿಸಿದೆ. ಎಲ್ಲವೂ ಆಯಿತು ಎಂದೇ ತಿಳಿದಿದ್ದೆ.

ಇದರ ನಡುವೆ ಕಾಲು ಎತ್ತುವುದನ್ನೂ ಕಲಿಸಿದ್ದೆ. ಗೊರಸು ಬೆಳೆದು ಬಿರುಕು ಬಿಟ್ಟಿದ್ದವು, ಲಾಳ ಹೊಡೆಯುವವನು ಬರಬೇಕಾಗಿತ್ತು. ಕಾಲು ಕೊಡದ ಕುದುರೆಗೆ ಅವನು ಮೂಗಿಗೆ ಹಗ್ಗ ಹಾಕಿ ತಿರುಚುತ್ತಾನೆ. ಅದು ನನಗೆ ಬೇಡವಾಗಿತ್ತು. ಆದ್ದರಿಂದ ಯಾವ ಲಾಯದಲ್ಲಾದರೂ ಮಾಡುವ ಹಾಗೆಯೇ ಮಾಡಿದೆ. ಪಕ್ಕದಲ್ಲಿ ನಿಂತು ಬಗ್ಗುವುದು, ಮುಂಗಾಲಿನ ಗುಂಟ ಕೈ ಇಳಿಸುವುದು, ಗೊರಸಿನ ಹತ್ತಿರ ಮುಟ್ಟಿ ಕಾಯುವುದು. ಅದು ಭಾರವನ್ನು ಆಚೆಯ ಕಾಲಿಗೆ ಹಾಕಿ ಈಚೆಯದನ್ನು ಒಂದಿಷ್ಟು ಸಡಿಲಿಸಿದರೂ ಕೈ ತೆಗೆಯುವುದು. ಕೆಲವೇ ವಾರಗಳಲ್ಲಿ ನಾನು ಬಗ್ಗಿದ್ದೇ ತಡ, ಕಾಲು ತಾನಾಗಿ ಮೇಲೆದ್ದು ನನ್ನ ಅಂಗೈಗೆ ಬರುತ್ತಿತ್ತು. ಲಾಳದವನು ಬಂದು ಕೆಲಸ ಮುಗಿಸಿ, "ಅಸಂ ಘೋಡಂ ರೋಜ ದ್ಯಾ ಮಲಾ" ಎಂದ. ಇಂಥ ಕುದುರೆ ದಿನಾ ಸಿಕ್ಕರೆ ಸಾಕಂತೆ. ನಾನು ಆ ವಾರವೆಲ್ಲ ನೆಲದ ಮೇಲೆ ಕಾಲಿಡಲಿಲ್ಲ ಎನ್ನಬೇಕು.

ಚೈತ್ರದ ಏಕಾದಶಿಗೆ ದಿಂಡಿಯವರು ಕುದುರೆಯನ್ನು ನೋಡಲು ಬಂದರು. ಅವರ ಮುಖ್ಯಸ್ಥರು ದರ್ಜಿ ಕೆಲಸದ ಹಿರಿಯರು, ಬಿಳಿ ಟೋಪಿ, ಕೊರಳಲ್ಲಿ ತುಳಸಿ ಮಾಲೆ. ಕುದುರೆಯ ಮೇಲೆ ಜೀನು ಹಾಕಿ ಕೇಸರಿ ಬಟ್ಟೆ ಹೊದಿಸಿದ್ದೆವು. ಮೃದಂಗ ಶುರುವಾಯಿತು, ಹತ್ತಾರು ಜೊತೆ ತಾಳ ಒಮ್ಮೆಗೇ ಮೊಳಗಿದವು. ಕುದುರೆ ಕಿವಿ ತಿರುಗಿಸಿ ಕೇಳಿ ಸುಮ್ಮನೆ ನಿಂತಿತು. ಹಿರಿಯರು ತಲೆದೂಗಿದರು. ಹೋಟೆಲಿನ ಮಾಲೀಕರು ನನ್ನ ಕಡೆ ನೋಡಿ ನಕ್ಕರು. ಆಗ ಅವರ ಹೆಂಡತಿ ಕುಂಕುಮ, ಹೂವು ಹಿಡಿದುಕೊಂಡು ಮುಂದೆ ಬಂದರು. ಹಣೆಗೆ ಹಚ್ಚಿದರು. ಆಮೇಲೆ ಸೆರಗು ಹೊದ್ದು, ಬಗ್ಗಿ, ಎರಡೂ ಕೈಯಿಂದ ಅದರ ಮುಂಗಾಲು ಮುಟ್ಟಿ ನಮಸ್ಕಾರ ಮಾಡಿದರು.

ಕುದುರೆ ಕಾಲೆತ್ತಿತು.

ಅದರ ಮೊಣಕಾಲು ಆಕೆಯ ಬಾಯಿಗೆ ಬಡಿಯಿತು. ಆಕೆ ಹಿಂದಕ್ಕೆ ಕೂತುಬಿಟ್ಟರು. ಎತ್ತಿದ ಕಾಲನ್ನು ಹಿಡಿಯುವ ಕೈ ಇರಲಿಲ್ಲವಾದ್ದರಿಂದ ಕುದುರೆ ಅದನ್ನು ಕೆಳಗಿಟ್ಟಿತು. ಇಟ್ಟದ್ದು ಸೀರೆಯ ಅಂಚಿನ ಮೇಲೆ, ಆಕೆಯ ಬೆರಳುಗಳಿಗೆ ತೀರ ಸಮೀಪ. ಹೆಂಗಸರು ಕೂಗಿಕೊಂಡರು. ಕೂಗಿಗೆ ಕುದುರೆ ಬೆದರಿ ಹಿಂದೆ ಸರಿಯಿತು, ಸೀರೆ ಪರ್ರನೆ ಹರಿಯಿತು. ನಾನು ಹಗ್ಗ ಹಿಡಿದುಕೊಂಡಿದ್ದವಳು, ಎಲ್ಲವನ್ನೂ ನೋಡುತ್ತಿದ್ದೆ, ಏನೂ ಮಾಡಲಾಗಲಿಲ್ಲ.

"ಬಾಈ, ಹೇ ಜನಾವರ ಲಾಥ ಮಾರತಂಯ," ಎಂದರು ಹಿರಿಯರು. ಈ ಪ್ರಾಣಿ ಒದೆಯುತ್ತದೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿಯುದ್ದಕ್ಕೂ ಜನ ಇದರ ಕಾಲಿಗೆ ಬೀಳುತ್ತಾರೆ, ಮುದುಕರು ಬೀಳುತ್ತಾರೆ, ಎಳೆಗೂಸುಗಳ ತಲೆಯನ್ನು ಗೊರಸಿಗೆ ತಾಗಿಸುತ್ತಾರೆ, ಇಂಥದನ್ನು ಹೇಗೆ ಕರೆದುಕೊಂಡು ಹೋಗಲಿ ಎಂದು ಮರಾಠಿಯಲ್ಲಿ ನನ್ನನ್ನೇ ಕೇಳಿದರು. 

"ಸಾಕು ಮೇಡಂ," ಎಂದರು ಮಾಲೀಕರು. "ನಾಳೆ ಟೆಂಪೋ ಕಳಿಸ್ತೇನೆ."

"ಅದು ಒದೀಲಿಲ್ರೀ. ಬಗ್ಗಿ ಕಾಲು ಮುಟ್ಟಿದ್ರ ಎತ್ತಬೇಕಂತ ನಾನೇ ಕಲಿಸೀನಿ. ಕಲಿಸಿದ್ದು ಮಾಡ್ತು."

"ಯಾಕಾದ್ರೂ ಮಾಡ್ಲಿ, ರಕ್ತ ಬಂತಲ್ಲ!"

ಆಕೆ ತುಟಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಬೇವಿನ ಕಟ್ಟೆಯ ಮೇಲೆ ಕೂತಿದ್ದರು. ಬಟ್ಟೆ ತೆಗೆದು ಗಂಡನಿಗೆ ಹೇಳಿದರು: "ಒದ್ದಿದ್ರೆ ನಂಗೆ ಹಲ್ಲು ಇರ್ತಿತ್ತಾ? ಟೆಂಪೋ ಎಲ್ಲ ಬೇಡ. ಮೇಡಂ, ನಿಮ್ಗೆ ಎಷ್ಟು ದಿವಸ ಬೇಕು ಹೇಳಿ."

ಪಾಲಖಿ ಹೊರಡುವವರೆಗೆ ಬೇಕು ಎಂದೆ. ಅದಕ್ಕೂ ಮುಂಚೆ ತಾವೇ ಬಂದು ನೋಡುವುದಾಗಿಯೂ, ಆಗ ಒಪ್ಪಿಗೆಯಾಗದಿದ್ದರೆ ಈ ಮಾತು ಅಲ್ಲಿಗೆ ಮುಗಿಯಿತೆಂದೂ ಹಿರಿಯರು ಹೇಳಿದರು. ಮಾಲೀಕರು ಅದಕ್ಕೆ ಒಪ್ಪಿದರು.

ಅವರೆಲ್ಲ ಹೋದ ಮೇಲೆ ಸಾಯಿಸ ಜೀನು ಇಳಿಸುತ್ತ ಗೊಣಗಿದ. ಅಕ್ಕಲಕೋಟೆ ಕಡೆಯವ, ಮನೆಮಾತು ಕನ್ನಡ. "ಎಲ್ಲಾ ಕುದರಿಗೂ ಹಿಂಗ ಕಲಸ್ತೀವಲ್ರೀ ಅಕ್ಕಾರ. ಯಾರಿಗೆ ಹೊಳೀತದ?"

ನನಗೆ ಹೊಳೆಯಬೇಕಾಗಿತ್ತು. ಛತ್ರಿ, ಬಾವುಟ, ತುಳಸಿ ಕಟ್ಟೆ ಎಂದು ಇಡೀ ದಾರಿಯನ್ನೇ ಲಾಯಕ್ಕೆ ತಂದಿದ್ದೆ. ನಮ್ಮ ಜನ ದಿನ ಬೆಳಗಾದರೆ ಮಾಡುವ ಕೆಲಸವೇ ಬಿಟ್ಟುಹೋಗಿತ್ತು. ಸವಾರಿ ಶಾಲೆಗೆ ಬರುವ ಯಾರೂ ಕುದುರೆಯ ಕಾಲಿಗೆ ಬೀಳುವುದಿಲ್ಲ. ಅಲ್ಲಿ ಕುದುರೆಯ ಎದುರು ಬಗ್ಗುವವರು ಗೊರಸು ನೋಡಲೆಂದೇ ಬಗ್ಗುವವರು. ಕುದುರೆಗಂತೂ ನಮಸ್ಕಾರಕ್ಕೂ ಗೊರಸು ನೋಡುವುದಕ್ಕೂ ವ್ಯತ್ಯಾಸ ತಿಳಿಯುವ ದಾರಿಯೇ ಇರಲಿಲ್ಲ.

ಜನರನ್ನು ದೂರ ಇಡಬಹುದಿತ್ತು, ಸುತ್ತ ಹಗ್ಗ ಹಿಡಿದುಕೊಂಡು ಹೋಗಬಹುದಿತ್ತು. ಅದನ್ನು ದಿಂಡಿಯವರು ಒಪ್ಪುವವರಲ್ಲ. ಮುಟ್ಟಲಾಗದ ಮೇಲೆ ದರ್ಶನವೇನು ಬಂತು? ಉಳಿದದ್ದು ಒಂದೇ, ಕಲಿಸಿದ್ದನ್ನು ಅಳಿಸುವುದು. ಸಾಯಿಸನಿಗೆ ಇದು ಸರಿಬರಲಿಲ್ಲ.

"ಒಮ್ಮೆ ಗೊಂದಲ ಆತಂದ್ರ ಲಾಳದವನಿಗೂ ಕಾಲು ಕೊಡಾಂಗಿಲ್ಲ, ಜನಕ್ಕೂ ನಿಲ್ಲಾಂಗಿಲ್ಲ. ಅಂಥಾ ಕುದರಿ ಯಾರಿಗೆ ಬೇಕ್ರೀ? ಆ ಬಾಡಿಗಿಯಾವನೂ ಒಯ್ಯಾಂಗಿಲ್ಲ."

ಅವನು ಹೇಳಿದ್ದು ನಿಜ. ಆಗಿದ್ದ ಸ್ಥಿತಿಯಲ್ಲೇ ಅದನ್ನು ಬಿಟ್ಟರೆ, ಕಾಲು ಕೊಡುವ ಒಳ್ಳೆಯ ಕುದುರೆ ಎಂದು ಯಾವುದಾದರೂ ಸವಾರಿ ಶಾಲೆಗೆ ದಾಟಿಸಲು ನೋಡಬಹುದಿತ್ತು. ಅಳಿಸಲು ಹೋಗಿ ಕೆಡಿಸಿದರೆ ಆ ಬಾಗಿಲೂ ಮುಚ್ಚುತ್ತಿತ್ತು. ಎರಡು ದಿನ ಯೋಚಿಸಿದೆ. ಆದರೆ ಬಾಯಿಯಲ್ಲಿ ಅಂಥ ಗೆರೆಗಳಿದ್ದ ಕುದುರೆಯ ಬೆನ್ನ ಮೇಲೆ ಯಾರನ್ನಾದರೂ ಹತ್ತಿಸಲು, ಮತ್ತೆ ಯಾರದೋ ಕೈಗೆ ಲಗಾಮು ಕೊಡಲು ನನಗೆ ಮನಸ್ಸಾಗಲಿಲ್ಲ. ಯಾರೂ ಕೂಡದ ಕುದುರೆಯ ಕೆಲಸ ಲೋಕದಲ್ಲಿ ಸಿಗುವುದೇ ಅಪರೂಪ. ಅಂಥದೊಂದು ಇದಕ್ಕೆ ಸಿಕ್ಕಿತ್ತು. ಅಳಿಸುವುದೆಂದು ತೀರ್ಮಾನಿಸಿದೆ.

ಮೊದಲು ಕಾಲೆತ್ತಲು ಹೊಸ ಗುರುತು ಬೇಕಿತ್ತು. ಕುದುರೆಯ ಮುಂಗಾಲಿನ ಒಳಮಗ್ಗುಲಲ್ಲಿ, ಮೊಣಕಾಲಿಗಿಂತ ಮೇಲೆ, ಕೊಂಬಿನಷ್ಟು ಗಟ್ಟಿಯಾದ ಒಂದು ಗಂಟು ಇರುತ್ತದೆ. ಯಾವ ಭಕ್ತನ ಕೈಯೂ ಅಲ್ಲಿಗೆ ಹೋಗುವುದಿಲ್ಲ. ನಿಂತುಕೊಂಡೇ ಆ ಗಂಟನ್ನು ಹಿಂಡಿದರೆ ಮಾತ್ರ ಕಾಲೆತ್ತಬೇಕು. ಇದನ್ನು ಬೇಗ ಕಲಿಯಿತು. ಕಷ್ಟವಾದದ್ದು ಇನ್ನೊಂದು. ಬಗ್ಗಿದರೆ ಎತ್ತಬಾರದು.

ಕಾಲನ್ನು ಎತ್ತಬೇಕಾದರೆ ಕುದುರೆ ಮೊದಲು ಅದರ ಮೇಲಿನ ಭಾರವನ್ನು ಆಚೆಗೆ ಸಾಗಿಸಬೇಕು. ಭಾರ ಅದೇ ಕಾಲಿನ ಮೇಲಿದ್ದರೆ ಎತ್ತಲು ಬಯಸಿದರೂ ಆಗದು. ಸಾಯಿಸ ಆಚೆ ಬದಿಯಲ್ಲಿ ನಿಂತು ಹೆಗಲನ್ನು ನಿಧಾನವಾಗಿ ನನ್ನತ್ತ ಒತ್ತುತ್ತಿದ್ದ. ಭಾರ ಈಚೆಯ ಕಾಲಿಗೆ ಬಂದದ್ದು ಗೊರಸಿನ ಮೇಲಿನ ಚರ್ಮ ತುಸು ಉಬ್ಬುವುದರಿಂದ ಗೊತ್ತಾಗುತ್ತದೆ. ಆಗ ಬಗ್ಗಿ ಮುಟ್ಟುವುದು, ಕೂಡಲೇ ಕೈ ತೆಗೆದು ಏಳುವುದು. ಮೊದಲು ಕಾಲೆತ್ತಿದಾಗ ನಾನು ಹೋಗುತ್ತಿದ್ದೆ, ಈಗ ಊರಿದಾಗ ಹೋಗುತ್ತಿದ್ದೆ. ಮೊದಮೊದಲು ಅದು ಪೂರ್ತಿ ಗೊಂದಲಗೊಂಡು ಒಮ್ಮೆ ಈ ಕಾಲು, ಒಮ್ಮೆ ಆ ಕಾಲು ಕೊಟ್ಟು, ಏನು ಬೇಕು ನಿನಗೆ ಎಂಬಂತೆ ತಿರುಗಿ ನೋಡುತ್ತಿತ್ತು. ನನಗೆ ಪಾಪ ಅನ್ನಿಸುತ್ತಿತ್ತು. ಸಾಯಿಸ ನನ್ನ ಕಡೆ ನೋಡುತ್ತಲೇ ಇರಲಿಲ್ಲ.

ವೈಶಾಖದ ಬಿಸಿಲಲ್ಲಿ ದಿನವೂ ಒಂದೇ ಕೆಲಸ, ಬಗ್ಗುವುದು, ಮುಟ್ಟುವುದು, ಏಳುವುದು. ಮನೆಯ ಜಗಲಿಯಲ್ಲಿ ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದಾಗ ಅವ್ವ ಕೇಳಿದಳು, "ಏನಾತ?" ಹೇಳಿದೆ. "ಹಬ್ಬಕ್ಕ ನನಗ ನಮಸ್ಕಾರ ಮಾಡು ಅಂದ್ರ ಕೈ ಮುಗದು ಓಡ್ತಿದ್ದಿ. ಛಲೋ ಆತು, ಕುದರಿನರ ಬಗ್ಗಿಸ್ತಲ್ಲ," ಎಂದಳು.

ನಾನು ಬಗ್ಗಿ ಮುಟ್ಟಿ ಎದ್ದರೆ ಕುದುರೆ ಕಂಬದಂತೆ ನಿಲ್ಲುವ ಹಂತ ಬಂತು. ಗೆದ್ದೆವು ಎಂದುಕೊಂಡು ಹೋಟೆಲಿನ ಅಮ್ಮನನ್ನು ಕರೆಸಿದೆ. ಈ ಸಲ ತಲೆ ಬಗ್ಗಿಸಬೇಡಿ, ಪಕ್ಕದಿಂದ ಬನ್ನಿ ಎಂದೆ. ಆಕೆ ಪಕ್ಕದಿಂದ ಬಂದು ಕಾಲು ಮುಟ್ಟಿದರು. ಆದರೆ ನನ್ನಂತೆ ಕೂಡಲೇ ಏಳಲಿಲ್ಲ. ಕೈ ಅಲ್ಲೇ ಇಟ್ಟುಕೊಂಡು ಏನೋ ಬೇಡಿಕೊಳ್ಳುತ್ತಿದ್ದರು. ಕುದುರೆ ಕಾದು ನೋಡಿತು. ಕೈ ಹೋಗಲಿಲ್ಲ. ಅದರ ಹೆಗಲ ಚರ್ಮ ಅದುರಿತು, ಭಾರ ಆಚೆಗೆ ಸರಿಯತೊಡಗಿತು. ನಾನು ಆಕೆಯನ್ನು ತೋಳು ಹಿಡಿದು ಎಳೆದುಬಿಟ್ಟೆ.

ಆಗ ತಿಳಿಯಿತು, ನಾನು ಏನನ್ನೂ ಅಳಿಸಿರಲಿಲ್ಲ. ಕಾಲೆತ್ತಿದ್ದೂ ನಾವು ದೂರ ಹೋಗಲಿ ಎಂದು, ಊರಿ ನಿಂತದ್ದೂ ನಾವು ದೂರ ಹೋಗಲಿ ಎಂದು. ಅಷ್ಟು ತಿಂಗಳು ನಂಬಿಕೆ ನಂಬಿಕೆ ಎಂದು ನಾನು ಕರೆಯುತ್ತಿದ್ದುದು, ನನ್ನನ್ನು ಬೇಗ ಸಾಗಹಾಕುವ ಜಾಣತನವನ್ನು. ಭಕ್ತರೋ ಬೇಗ ಹೋಗುವವರಲ್ಲ. ಆ ದಿನ ನನಗೆ ತುಂಬ ಬೇಸರವಾಯಿತು. ಸಾಯಿಸನಿಗೆ ಹೇಳದೆ ಮನೆಗೆ ಬಂದುಬಿಟ್ಟೆ.

ಮರುದಿನದಿಂದ ಏನನ್ನೂ ಕೇಳುವುದಿಲ್ಲ ಎಂದುಕೊಂಡೆ. ದುಂಡು ಬೇಲಿಯೊಳಗೆ ಕುದುರೆಯನ್ನು ಬಿಟ್ಟು, ಅದರ ಮುಂಗಾಲುಗಳ ಹತ್ತಿರ ನೆಲದ ಮೇಲೆ ಕೂತು ಶೇಂಗಾ ಬಿಡಿಸತೊಡಗಿದೆ. ಕುದುರೆಯ ಕೆಲಸ ಮಾಡುವವರು ಯಾರೂ ಹೀಗೆ ಕೂಡುವುದಿಲ್ಲ. ಕೂತವರಿಗೆ ಓಡಲು ಆಗುವುದಿಲ್ಲ ಎಂಬುದು ಮೊದಲ ಪಾಠ. ಸಾಯಿಸ ಬೇಲಿಯ ಹೊರಗೆ ನಿಂತು, "ಇದನ್ನ ನೋಡಾಕ ನನ್ನ ಕೈಲಿ ಆಗಾಂಗಿಲ್ರೀ," ಎಂದು ಹೇಳಿ ಬಾವಿಯ ಕಡೆ ಹೋದ. ಕುದುರೆ ಹೋಗಬೇಕೆಂದರೆ ಹೋಗಬಹುದಿತ್ತು, ಹಗ್ಗವಿರಲಿಲ್ಲ. ಮೊದಲು ಹೋಯಿತು ಕೂಡ. ಬೇಲಿಯ ಆಚೆ ತುದಿಯಿಂದ ನನ್ನನ್ನು ನೋಡಿತು. ನಾನು ಎದ್ದು ಹೋಗಲಿಲ್ಲ, ಹತ್ತಿರ ಕರೆಯಲೂ ಇಲ್ಲ. ಕೊನೆಗೆ ಶೇಂಗಾದ ವಾಸನೆಗೋ, ಸುಮ್ಮನಿರುವುದು ಬೇಸರವಾಗಿಯೋ, ತಾನೇ ಬಂದು ನನ್ನ ಮಡಿಲಿಗೆ ಮೂಗು ತೂರಿಸಿತು. ಅದು ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ನಾನು ಮಾತ್ರ ಅಲ್ಲೇ ಇರುತ್ತಿದ್ದೆ. ಅದರ ಗೊರಸಿನ ಮೇಲೆ ಕೈ ಇಡುತ್ತಿದ್ದೆ, ಮರೆತವಳ ಹಾಗೆ ಅಲ್ಲೇ ಬಿಡುತ್ತಿದ್ದೆ. ಶೇಂಗಾದ ಬುಟ್ಟಿ ಖಾಲಿಯಾದರೂ ಅದು ನನ್ನ ಪಕ್ಕದಲ್ಲಿ ನಿಂತು ತೂಕಡಿಸತೊಡಗಿತು.

ಮುಂಗಾರಿಗೆ ಮೊದಲಿನ ಅಡ್ಡಮಳೆ ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಂತು. ಗಾಳಿಗೆ ಲಾಯದ ಮೇಲಿನ ತಗಡೊಂದು ಕಿತ್ತು ಬಂದು ಬೇಲಿಗೆ ಅಪ್ಪಳಿಸಿತು. ನಾನು ಕುದುರೆಯ ಕಾಲ ಬುಡದಲ್ಲಿದ್ದೆ. ಒಂದು ಕ್ಷಣ ಅದರ ಎದೆ ನನ್ನ ತಲೆಯ ಮೇಲಿತ್ತು. ಆಮೇಲೆ ಅದು ಅಲ್ಲಿರಲಿಲ್ಲ. ಪಕ್ಕಕ್ಕೆ, ನನ್ನನ್ನು ಬಿಟ್ಟು, ದೂರಕ್ಕೆ ನೆಗೆದಿತ್ತು. ಮಣ್ಣಿನಲ್ಲಿ ಗೊರಸಿನ ಗುರುತು ನನ್ನ ಮಂಡಿಯ ಪಕ್ಕದಲ್ಲೇ ಮೂಡಿತ್ತು. ನನಗೆ ಎದ್ದು ನಿಲ್ಲಲಾಗಲಿಲ್ಲ, ಅಷ್ಟು ಭಯವಾಗಿತ್ತು. ಮಳೆಯಲ್ಲಿ ಹಾಗೇ ಕೂತಿದ್ದೆ. ಕುದುರೆ ಬೇಲಿಯನ್ನು ಎರಡು ಸುತ್ತು ಹಾಕಿ, ಮೂಗು ಅರಳಿಸಿ ಬುಸುಗುಡುತ್ತ, ಮಳೆ ತಾಗದ ಲಾಯದ ಬದಿಯನ್ನು ಬಿಟ್ಟು ನನ್ನ ಹತ್ತಿರ ಬಂದು ನಿಂತಿತು. ಕುದುರೆಗೆ ಪ್ರೀತಿ ಇದೆ ಎಂದು ನಾನು ಈಗಲೂ ಹೇಳುವುದಿಲ್ಲ. ಆದರೆ ಆ ಹೊತ್ತಿನಲ್ಲಿ ನನಗೆ ಆದ ಸಂತೋಷ ಸಣ್ಣದಲ್ಲ.

ಆಮೇಲೆ ಜನ ಬೇಕಿತ್ತು. ಭಾನುವಾರ ಮಕ್ಕಳನ್ನು ಕರೆತಂದು ಬೇವಿನ ಕೆಳಗೆ ಸ್ವೆಟರ್ ಹೆಣೆಯುತ್ತ ಕೂಡುವ ತಾಯಂದಿರನ್ನು ಸಾಲಾಗಿ ನಿಲ್ಲಿಸಿದೆ. ಒಬ್ಬೊಬ್ಬರೇ ಬಂದು ಕುದುರೆಯ ಕಾಲಿಗೆ ಬೀಳಬೇಕು, ನಾನು ಹೇಳುವವರೆಗೆ ಏಳಬಾರದು. ಮೊದಮೊದಲು ನಕ್ಕರು. ಒಬ್ಬಾಕೆ ಮರಾಠಿಯಲ್ಲಿ, ಇದರ ಕಾಲಿಗೆ ಬಿದ್ದರೆ ಮಗನಿಗೆ ಗಣಿತದಲ್ಲಿ ಮಾರ್ಕು ಬರುತ್ತದೆಯೇ ಎಂದು ಕೇಳಿದರು. ದಪ್ಪಗಿದ್ದವರು, ಬಳೆ ಸದ್ದಿನವರು, ಅತ್ತರಿನವರು, ಹೆದರಿ ಅರ್ಧಕ್ಕೇ ಎದ್ದವರು, ಎಲ್ಲರೂ ಬಿದ್ದರು. ಕುದುರೆ ಪ್ರತಿಯೊಬ್ಬರಿಗೂ ಭಾರವನ್ನು ಆ ಕಾಲಿಗೆ ಇಳಿಸಿ ನಿಂತಿತು.

ಪಾಲಖಿಗೆ ಸ್ವಲ್ಪ ಮೊದಲು ದಿಂಡಿಯ ಹಿರಿಯರು ಬಂದರು. ತಾವೇ ಮೊದಲು ಕಾಲಿಗೆ ಬಿದ್ದು ನೋಡುವುದಾಗಿ ಹೇಳಿ ಟೋಪಿ ತೆಗೆದರು. ಹೋಟೆಲಿನ ಅಮ್ಮ ಅಡ್ಡ ಬಂದರು. "ಪೆಟ್ಟು ತಿಂದವಳು ನಾನು. ಮೊದಲು ನಾನೇ." ಅವರ ಗಂಡ ಬೇವಿನ ಮರದ ಕಡೆ ಮುಖ ತಿರುಗಿಸಿಕೊಂಡು ನಿಂತರು. ಈ ಸಲ ಆಕೆ ಪಕ್ಕದಿಂದ ಬರಲಿಲ್ಲ. ಎದುರಿನಿಂದಲೇ ಬಂದು ಮಂಡಿಯೂರಿ, ಎರಡೂ ಗೊರಸು ಹಿಡಿದು, ಹಣೆ ಇಟ್ಟರು. ಏಳಲಿಲ್ಲ. ನಾನು ಗೊರಸಿನ ಮೇಲಿನ ಚರ್ಮವನ್ನೇ ನೋಡುತ್ತಿದ್ದೆ. ಅದು ಉಬ್ಬಿತು, ಹಾಗೇ ನಿಂತಿತು. ಕುದುರೆ ಕತ್ತು ಇಳಿಸಿ ಆಕೆಯ ಸೆರಗನ್ನು ಮೂಸಿ ಉಸಿರು ಬಿಟ್ಟಿತು. ಆಕೆ ಎದ್ದಾಗ ಕಣ್ಣು ಒದ್ದೆಯಾಗಿತ್ತು, ಹಣೆಗೆ ಮಣ್ಣು ಹತ್ತಿತ್ತು.

"ಆಯ್ತಾ? ಈಗಾದ್ರೂ ಈ ಕಡೆ ನೋಡಿ," ಎಂದರು ಗಂಡನಿಗೆ.

ಹಿರಿಯರು ಟೋಪಿ ತೆಗೆದಿದ್ದರಿಂದ ತಾವೂ ಬಿದ್ದರು. ಎದ್ದು ನನಗೆ ಹೇಳಿದ್ದು ಒಂದೇ ಮಾತು, "ಯೇವೂ ದ್ಯಾ." ಬರಲಿ ಎಂದು.

ಪಾಲಖಿಯ ದಿನ ಸಣ್ಣಗೆ ಮಳೆ ಹನಿಯುತ್ತಿತ್ತು. ಘಾಟಿನ ರಸ್ತೆ ತುಂಬ ಜನ, ಬಾವುಟ, ತಾಳ. ಸಾಯಿಸ ಹೊಸ ಬಿಳಿ ಪೈಜಾಮ ತೊಟ್ಟು ಹಗ್ಗ ಹಿಡಿದಿದ್ದ. ನಾನು ಕುದುರೆಯ ಹೆಗಲಿನ ಹಿಂದೆ ನಡೆಯುತ್ತಿದ್ದೆ. ನಿಂತಲ್ಲೆಲ್ಲ ಜನ ಮುತ್ತಿದರು. ಗೊರಸಿನ ಕೆಳಗಿನ ಕೆಸರನ್ನೇ ಹಣೆಗೆ ಹಚ್ಚಿಕೊಂಡರು, ಕೂಸುಗಳನ್ನು ಕಾಲಿಗೆ ಹಾಕಿದರು. ಪ್ರತಿ ಸಲವೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಕುದುರೆಯದು ಇಲ್ಲ. ಘಾಟು ಹತ್ತಿ ಬಯಲಿಗೆ ಬಂದಾಗ ಖಾಲಿ ಜೀನಿನ ಮೇಲೆ ಯಾರೋ ಇಟ್ಟ ಚೆಂಡುಹೂವು ಇನ್ನೂ ಹಾಗೇ ಇತ್ತು.

ಸಾಸವಡ ಇನ್ನೇನು ಬಂತು ಎನ್ನುವಾಗ ಬಲ ಮುಂಗಾಲು ತುಸು ತಡವರಿಸುವುದು ಕಂಡಿತು. ಕಲ್ಲು ಸಿಕ್ಕಿರಬೇಕು. ದಿಂಡಿ ನಿಂತ ಕೂಡಲೇ ಪಕ್ಕಕ್ಕೆ ಹೋಗಿ, ಎಷ್ಟೋ ವರ್ಷಗಳ ಅಭ್ಯಾಸದಂತೆ ಬಗ್ಗಿ, ಕಾಲಿನ ಗುಂಟ ಕೈ ಇಳಿಸಿದೆ. ಕಾಲು ಏಳಲಿಲ್ಲ. ಮತ್ತೆ ಕೈ ಒತ್ತಿದೆ. ನನ್ನ ಅಂಗೈ ಕೆಳಗೆ ಚರ್ಮ ಉಬ್ಬಿತು, ಕುದುರೆ ಕಲ್ಲು ಒತ್ತುತ್ತಿದ್ದ ಆ ಕಾಲಿನ ಮೇಲೆಯೇ ಭಾರ ಇಳಿಸಿ ನಿಂತುಕೊಂಡಿತು. ಆಗ ನೆನಪಾಯಿತು. ಅದರ ಪಾಲಿಗೆ ನಾನೂ ನಮಸ್ಕಾರಕ್ಕೆ ಬಂದವಳು.

ನಿಂತು ಒಳಮಗ್ಗುಲಿನ ಗಂಟು ಹಿಂಡಿದೆ. ಕೂಡಲೇ ಕಾಲು ಕೈಗೆ ಬಂತು. ಲಾಳದ ಸಂದಿಯಿಂದ ಶೇಂಗಾ ಗಾತ್ರದ ಕಲ್ಲನ್ನು ಮೀಟಿ ತೆಗೆದು, ಕಾಲು ಕೆಳಗಿಟ್ಟೆ. ಕೆಲಸ ಮುಗಿದಿತ್ತು, ಏಳಬೇಕಿತ್ತು. ಮಂಡಿಯೂರಿ ಗೊರಸಿನ ಮೇಲೆ ಕೈ ಇಟ್ಟೆ, ತಲೆಯನ್ನೂ ಇಟ್ಟೆ. ಕೆಸರು ತಣ್ಣಗಿತ್ತು. ಎಷ್ಟು ಹೊತ್ತು ಹಾಗೇ ಇದ್ದೆನೋ ತಿಳಿಯದು, ಕುದುರೆಗೆ ಅವಸರವಿರಲಿಲ್ಲ.

ಹಿಂದಿನಿಂದ ಒಬ್ಬ ಹೆಂಗಸು ನನ್ನ ಬೆನ್ನು ತಟ್ಟಿದಳು. "ಉಠಾ ಆತಾ ಮಾವಶಿ. ಆಮ್ಹಾಲಾ ಪಣ ಪಾಯಾ ಪಡೂ ದ್ಯಾ." ಏಳಮ್ಮ ಇನ್ನು, ನಾವೂ ಕಾಲಿಗೆ ಬೀಳಬೇಕು ಎಂದಳು. ಎದ್ದು ಅವಳಿಗೆ ಜಾಗ ಬಿಟ್ಟೆ.